ವೈನಿ, ಒಮ್ಮೆ ಬೀದರಕ್ಕ ಹೋಗಿ ಬರ್ರಿ

"ಅಕ್ಕೋರ, ದೀಪಾವಳಿ ಸೂಟಿಗೆ ಓಣಿ ಮಂದಿ ಎಲ್ಲಾ ಗಾಡಿ ಮಾಡ್ಕೊಂಡು ದೇವ್ರಿಗೆ ಹೊಂಟಾರ. ನಮ್ಮ ಹುಡುಗೂರೂ ಗಂಟು ಬಿದ್ದಾವ. ಎಲ್ಲಿಗಿ ಹೋದ್ರ ಚಲೋ, ನೀವ ಹೇಳ್ರಿ."

ಮದರಂಗಿ ಬೇಲಿಯಾಚೆಯಿಂದ ವೈನಿ ಕೇಳಿದರು. ಬಿಸಿಲು ಇಳಿಯುವ ಹೊತ್ತಿಗೆ ಬೇವಿನ ನೆರಳಿಗೆ ತಟ್ಟು ಹಾಸಿ ಕೂತು ಚಪ್ಪಲಿಯ ಪಟ್ಟಿಗೆ ತೊಗಲಿನ ಎಳೆ ಹೆಣೆಯುವುದು ಅವರ ನಿತ್ಯದ ಕೆಲಸ. ಅಡಿ ಕೊಯ್ಯುವುದು, ಹೊಲಿಯುವುದು ಮನೆಯ ಗಂಡಸರ ಪಾಲು, ಹೆಣಿಕೆ ವೈನಿಯದು. ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಊರೂರಿಗೆ ಹೋಗುವ ಎಷ್ಟೋ ಜೋಡು ಹುಟ್ಟುವುದು ನಮ್ಮ ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿ ಕಡೆಯ ಇಂಥ ಅಂಗಳಗಳಲ್ಲೇ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದ್ದು ವೈನಿಯಂಥವರ ಕೈಯಿಂದ.

"ಎಲ್ಲಾ ಕಡೆ ಹೋಗಿ ಬಂದೀರಲ್ರಿ ವೈನಿ ನೀವು. ಪಂಢರಪುರ ಆತು, ಚಿಂಚಲಿ ಮಾಯಕ್ಕ ಆತು, ಯಡೂರ ವೀರಭದ್ರ ಆತು, ಸವದತ್ತಿ ಎಲ್ಲಮ್ಮ ಆತು."

"ಅದಕ್ಕ ಕೇಳೂದ್ರಿ. ಹೊಸಾದು ಹೇಳ್ರಿ."

"ಹಂಗಾದ್ರ ಬೀದರಕ್ಕ ಹೋಗ್ರಿ. ಅಲ್ಲಿಂದ ಮುಂದ ನಾಂದೇಡಕ್ಕ."

ವೈನಿ ಎಳೆ ಬಿಗಿದು ತಲೆ ಎತ್ತಿದರು. "ಬೀದರದಾಗ ಏನೈತ್ರಿ? ನಾಂದೇಡದಾಗ ಸರದಾರಜೀಗೋಳ ಗುಡಿ ಐತಿ ಅಂತಾರಲ್ಲ?"

"ಬೀದರದಾಗೂ ಅವರದ ದೊಡ್ಡ ಸ್ಥಾನ ಐತ್ರಿ. ನಾನಕ ಝೀರಾ. ನಮ್ಮ ಕರ್ನಾಟಕದಾಗ ಸಿಖ್ಖರ ಅಷ್ಟು ದೊಡ್ಡ ಕ್ಷೇತ್ರ ಮತ್ತೊಂದಿಲ್ಲ. ಪಂಜಾಬದಿಂದ ಮಂದಿ ಅಷ್ಟು ದೂರ ರೈಲು ಹತ್ತಿ ಬರ್ತಾರ. ನಾವು ಮಗ್ಗಲದಾಗ ಇದ್ದು ಹೋಗಿಲ್ಲ."

ಇದು ನನ್ನನ್ನು ಬಹಳ ದಿನದಿಂದ ಕಾಡುವ ಮಾತು. ನಮ್ಮ ಈ ತಾಲ್ಲೂಕುಗಳ ಮಂದಿಗೆ ತಿರುಗುವುದೇನೂ ಹೊಸದಲ್ಲ. ಆಷಾಢಕ್ಕೆ ದಿಂಡಿಯ ಹಿಂದೆ ನಡೆಯುವವರು, ವರ್ಷಕ್ಕೊಮ್ಮೆ ಭಂಡಾರ ಹಾರಿಸಿ ಬರುವವರು ಮನೆಮನೆಗೂ ಇದ್ದಾರೆ. ನಮ್ಮ ನೆಲ ನೋಡಲು ಹೊರಗಿನವರೂ ಬರುತ್ತಾರೆ. ಶಾಂತಿಸಾಗರ ಮುನಿಗಳ ಭೋಜ, ವಿದ್ಯಾನಂದ ಮುನಿಗಳ ಶೇಡಬಾಳ, ವಿದ್ಯಾಸಾಗರ ಮುನಿಗಳ ಸದಲಗಾ, ನಿಪ್ಪಾಣಿ ಹತ್ತಿರದ ಸ್ತವನಿಧಿ ಎಂದು ಉತ್ತರದ ಜೈನರು ದಾರಿ ಕೇಳಿಕೊಂಡು ಬರುತ್ತಾರೆ. ಅವರಿಗೆ ದಾರಿ ತೋರಿಸುವ ನಾವು ನಮ್ಮದೇ ರಾಜ್ಯದ ಬೀದರನ್ನು ಕೋಟೆಯ ಪಾಠವಾಗಿ ಓದಿ ಬಿಟ್ಟುಬಿಟ್ಟಿದ್ದೇವೆ.

ವೈನಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ನಮ್ಮನ್ನ ಒಳಗ ಬಿಡ್ತಾರೇನ್ರಿ?"

ತೊಗಲಿನ ಕೆಲಸ ಮಾಡುವ ಮನೆಯವರು ಎಷ್ಟು ತಲೆಮಾರು ಎಷ್ಟು ಹೊಸ್ತಿಲುಗಳ ಹೊರಗೆ ನಿಂತಿದ್ದಾರೆ ಎಂಬುದು ಶಾಲೆಯಲ್ಲಿ ಪಾಠ ಹೇಳಿದ ನನಗೆ ಗೊತ್ತು. ಆ ಮನೆಗಳ ಮಕ್ಕಳೇ ನನ್ನ ಮುಂದೆ ಕೂತು ಅಕ್ಷರ ಕಲಿತವರು. ಹಾಗಾಗಿ ಈ ಪ್ರಶ್ನೆಗೆ "ಬಿಡ್ತಾರ, ಹೋಗ್ರಿ" ಎಂದಷ್ಟೇ ಹೇಳಿ ಒಳಗೆ ಎದ್ದುಹೋಗಲು ಮನಸ್ಸಾಗಲಿಲ್ಲ. ಬೇಲಿಯ ಹತ್ತಿರಕ್ಕೆ ಮಣೆ ಎಳೆದುಕೊಂಡು ಕೂತೆ.

"ವೈನಿ, ಸಿಖ್ಖರ ಗುಡಿಯೊಳಗ ಮೂರ್ತಿ ಇರೂದಿಲ್ಲ. ಒಂದು ಗ್ರಂಥ ಇರ್ತದ. 1430 ಪುಟದ್ದು. 1708ರಾಗ ಅವರ ಹತ್ತನೇ ಗುರು ಗೋವಿಂದ ಸಿಂಗರು ನಾಂದೇಡದಾಗ ದೇಹ ಬಿಡೂವಾಗ, ನನ್ನ ನಂತರ ಮನುಷ್ಯಾ ಗುರು ಇಲ್ಲ, ಗ್ರಂಥನ ಗುರು ಅಂತ ಹೇಳಿ ಹೋದ್ರು. ಅವತ್ತಿನಿಂದ ಆ ಗ್ರಂಥಕ್ಕ ಚವರ ಬೀಸ್ತಾರ, ಅದರ ಮುಂದ ಹಣಿ ಹಚ್ಚಿ ನಮಸ್ಕಾರ ಮಾಡ್ತಾರ. ಆ ಗ್ರಂಥದಾಗ ಅವರ ಗುರುಗೋಳ ಹಾಡಷ್ಟ ಇಲ್ಲ. ಕಾಶಿಯೊಳಗ ಚಪ್ಪಲಿ ಹೊಲೀತಿದ್ದ ರವಿದಾಸರ 40 ಹಾಡು ಅದಾವ."

"ಚಪ್ಪಲಿ ಹೊಲ್ಯಾಂವಂದ?"

"ಹೌದ್ರಿ. ನಿಮ್ಮ ಕಸುಬಿನವರದ. ನೇಕಾರ ಕಬೀರಂದು ಐನೂರರ ಮ್ಯಾಲ ಅದಾವ. ಕ್ಷೌರಿಕ ಸೇನಾಂದು ಐತಿ, ಕಟುಕ ಸಧನಾಂದು ಐತಿ, ಹೊಲ ಹೂಡೋ ಧನ್ನಾಂದೂ ಐತಿ. ಪಂಢರಪುರದ ನಾಮದೇವ, ದರ್ಜಿ ಕೆಲಸದ ಮನೆತನದಾಂವ, ಅವನವು 61 ಅದಾವ. ಅವನ ಹಾಡಿನೊಳಗ ನಮ್ಮ ವಿಠ್ಠಲನ ಹೆಸರು ಹಂಗ ಉಳಿದೈತಿ. ಮಹಾರಾಜರು ಬರ್ಲಿ, ಮಂತ್ರಿ ಬರ್ಲಿ, ಆ ಗ್ರಂಥದ ಮುಂದ ತಲಿ ಬಾಗಸ್ತಾರ. ಅಂದ್ರ ರವಿದಾಸರ ಮಾತಿನ ಮುಂದ ತಲಿ ಬಾಗಿಸಿದಂಗ. ನಿಮ್ಮನ್ನ ಒಳಗ ಬಿಡ್ತಾರೇನು ಅಂತ ಕೇಳ್ತೀರಿ. ನಿಮ್ಮವರು 1604ರಾಗ, ಗುರು ಅರ್ಜುನರು ಗ್ರಂಥ ಕಟ್ಟಿದಾಗನ ಒಳಗ ಹೋಗಿ ಕುಂತಾರ."

ವೈನಿಯ ಕೈ ಅಷ್ಟು ಹೊತ್ತಿಗೆ ನಿಂತಿತ್ತು. "ನಮ್ಮ ಹರಳಯ್ಯನಂಗ," ಎಂದರು.

ಹರಳಯ್ಯನ ಹೆಸರು ಅವರ ಬಾಯಿಂದಲೇ ಬಂದದ್ದು ನನಗೆ ಖುಷಿಯಾಯಿತು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಹೊಲಿದ ಕಥೆ ನಮ್ಮ ಓಣಿಯ ಮಕ್ಕಳಿಗೂ ಗೊತ್ತು. ಅವರ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದ ಕಥೆಯೂ ಗೊತ್ತು. ಇದೆಲ್ಲ ನಡೆದ ಕಲ್ಯಾಣ ಇರುವುದು ಬೀದರ ಜಿಲ್ಲೆಯಲ್ಲೇ. ಬಸವಕಲ್ಯಾಣದಲ್ಲಿ ಇಂದಿಗೂ ಹರಳಯ್ಯನ ಗವಿ ಎಂದು ತೋರಿಸುತ್ತಾರೆ. ಅಲ್ಲಿಂದ ಬೀದರ ಸುಮಾರು 80 ಕಿಲೋಮೀಟರು.

"ಅದಕ್ಕ ಹೇಳೂದು ವೈನಿ, ಮೊದಲ ಕಲ್ಯಾಣಕ್ಕ ಹೋಗ್ರಿ. ಹರಳಯ್ಯನ ಗವಿಗೆ ನಮಸ್ಕಾರ ಮಾಡಿ ಬೀದರಕ್ಕ ಹೋದ್ರ ಎಲ್ಲಾ ತಿಳೀತೈತಿ. ಗುರು ಗೋವಿಂದ ಸಿಂಗರು 1699ರ ಬೈಸಾಖಿ ದಿನ ಆನಂದಪುರದಾಗ ದೊಡ್ಡ ಸಭಾ ಕೂಡಿಸಿ, ಕತ್ತಿ ಹಿರಿದು ನಿಂತು, ಧರ್ಮಕ್ಕ ತಲಿ ಕೊಡಾವ್ರು ಯಾರದೀರಿ ಅಂತ ಕೇಳಿದ್ರಂತ. ಒಬ್ಬೊಬ್ಬರಂಗ ಐದು ಮಂದಿ ಎದ್ದು ನಿಂತ್ರು. ಲಾಹೋರದಾಂವ ಒಬ್ಬ, ಹಸ್ತಿನಾಪುರದಾಂವ ಒಬ್ಬ, ದ್ವಾರಕೆಯಾಂವ ಒಬ್ಬ, ಜಗನ್ನಾಥಪುರಿಯಾಂವ ಒಬ್ಬ. ಐದನೇದಾಂವ ಯಾರು ಹೇಳ್ರಿ? ನಮ್ಮ ಬೀದರದ ಸಾಹಿಬಚಂದ. ಕ್ಷೌರಿಕರ ಮನಿಯಾಂವ."

"ಬೀದರದಾಂವ ಅಷ್ಟು ದೂರ ಹೋಗಿದ್ನಾ?"

"ಹೋಗಿದ್ದ. ಅವತ್ತಿನಿಂದ ಭಾಯಿ ಸಾಹಿಬ ಸಿಂಗ್ ಆದ. ಐದೂ ಮಂದಿಗೆ ಕಬ್ಬಿಣದ ಬೋಗುಣಿಯೊಳಗ ಸಕ್ಕರಿ ನೀರು ಕತ್ತಿಲೆ ಕಲಿಸಿ ಅಮೃತ ಅಂತ ಕುಡಿಸಿ, ಆಮ್ಯಾಲ ಗುರುಗೋಳು ಆ ಐದು ಮಂದಿ ಮುಂದ ಕೈ ಮುಗಿದು, ಈಗ ನನಗ ನೀವು ಅಮೃತ ಕುಡಸ್ರಿ ಅಂದ್ರು. ಗುರು ಹೋಗಿ ಶಿಷ್ಯನ ಕೈಯಿಂದ ದೀಕ್ಷಾ ತಗೊಂಡ. ಆ ಐದು ಮಂದ್ಯಾಗ ಮೇಲ್ಜಾತಿ ಅನಿಸಿಕೊಂಡಾವ ಒಬ್ಬ, ಜಾಟ ಒಬ್ಬ, ಉಳಿದಾವ್ರು ದುಡಿಯೋ ಕೈಯಾವ್ರು. ಸಾಹಿಬ ಸಿಂಗ್ ಮುಂದ ಚಮಕೌರದ ಕಾಳಗದಾಗ ಗುರುವಿನ ಸಲುವಾಗಿ ಜೀವಾ ಕೊಟ್ಟ. ಇವತ್ತಿಗೂ ಸಿಖ್ಖರು ಜಗತ್ತಿನ ಯಾವ ಮೂಲ್ಯಾಗ ಪ್ರಾರ್ಥನಾ ಮಾಡಿದ್ರೂ ಆ ಐದು ಮಂದೀನ ನೆನೀತಾರ. ಕೆನಡಾದಾಗ ಕುಂತಾಂವನೂ ದಿನಾ ಬೀದರದ ಕ್ಷೌರಿಕನ್ನ ನೆನೀತಾನ. ಅಂಥಾ ಊರು ನಾವು ನೋಡಿಲ್ಲ."

ಅಥಣಿಯಿಂದ ಬೀದರಿಗೆ ದಾರಿ ಸುಲಭ. ವಿಜಯಪುರ, ಕಲಬುರಗಿ, ಹುಮನಾಬಾದ ಮೇಲೆ ಹೋದರೆ ಸುಮಾರು 350 ಕಿಲೋಮೀಟರು. ಕಲ್ಯಾಣಕ್ಕೆ ಹುಮನಾಬಾದಿನಿಂದ ಒಳಗೆ ಹೊರಳಬೇಕು. ರೈಲಿನವರಾದರೆ ಮಿರಜದಿಂದ ಪಂಢರಪುರ, ಕುರ್ಡುವಾಡಿ, ಲಾತೂರಿನ ಮೇಲೆ ಹೋಗುವ ಹಳಿಯಿದೆ. ಮುಂದೆ ಉದಗೀರ, ಭಾಲ್ಕಿ ದಾಟಿದರೆ ಬೀದರ. 2017ರಿಂದ ಕಲಬುರಗಿಗೂ ಬೀದರಿಗೂ ನೇರ ರೈಲು ಮಾರ್ಗವಾಗಿದೆ. ಮಕ್ಕಳು ಮರಿ ಕಟ್ಟಿಕೊಂಡು ಹೋಗುವ ವೈನಿಗೆ ಗಾಡಿಯೇ ಸರಿ.

"ಝೀರಾ ಅಂದ್ರ ಏನ್ರಿ ಅದು?"

"ನೀರಿನ ಬುಗ್ಗಿ. ಗುರು ನಾನಕರು ತಮ್ಮ ಜೊತಿ ರಬಾಬ ಬಾರಿಸೋ ಮರ್ದಾನಾನ ಕರ್ಕೊಂಡು ದೇಶಾ ಸುತ್ತತಿದ್ರು. ಮರ್ದಾನಾ ಮುಸಲ್ಮಾನ. ದಕ್ಷಿಣಕ್ಕ ಬಂದಾಗ, 1510ರಿಂದ 1514ರ ನಡುವ, ಬೀದರ ಊರ ಹೊರಗ ಫಕೀರರ ಗುಡಿಸಲ ಇದ್ದಲ್ಲಿ ಇಳಕೊಂಡ್ರಂತ. ಊರಾಗ ನೀರಿನ ತ್ರಾಸ. ಬಾವಿ ತೋಡಿದ್ರ ನೀರು ಸಿಗೂದಿಲ್ಲ, ಸಿಕ್ರ ಉಪ್ಪು. ಮಂದಿ ಬಂದು ದುಃಖಾ ಹೇಳಿಕೊಂಡ್ರು. ನಾನಕರು ಸತ್ಯಕರ್ತಾರ ಅಂತ ದೇವರ ಹೆಸರು ತಗೊಂಡು ಪಾದದಲೆ ಒಂದು ಕಲ್ಲು ಸರಿಸಿದ್ರು. ಅದರ ಕೆಳಗಿಂದ ಸೀನೀರು ಚಿಮ್ಮಿತು. ಅದ ಬುಗ್ಗಿ ಇವತ್ತಿಗೂ ಹರೀತೈತಿ."

ವೈನಿ ನಿಟ್ಟುಸಿರು ಬಿಟ್ಟರು. ನೀರಿನ ತ್ರಾಸ ಎಂದರೆ ಏನೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಅಥಣಿಯ ಮೂಡಣ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಟ್ಯಾಂಕರಿನ ದಾರಿ ಕಾಯುತ್ತಾರೆ. ಅತ್ತ ಕಾಗವಾಡ, ಉಗಾರದ ಕಡೆ ನೀರು ಹೆಚ್ಚಾಗಿ ಕಪ್ಪು ನೆಲ ಸವಳು ಹಿಡಿದಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ರಾಯಬಾಗ, ಚಿಕ್ಕೋಡಿಯ ನದಿದಂಡೆಯ ಊರುಗಳು ಮನೆ ಬಿಟ್ಟು ಶಾಲೆಗಳಲ್ಲಿ ಮಲಗಿದವು. ನೀರು ಇಲ್ಲದೆಯೂ ನೊಂದವರು, ನೀರು ಬಂದೂ ನೊಂದವರು ನಾವು. ಸೀನೀರಿನ ಒಂದು ಬುಗ್ಗೆಯನ್ನು ದೇವರ ಪಾದವೆಂದು ಜನ ಐನೂರು ವರ್ಷ ಯಾಕೆ ಕಾಪಾಡಿದರು ಎಂಬುದು ನಮಗೆ ಬೇಗ ಅರ್ಥವಾಗುತ್ತದೆ.

"ಭೂಗೋಳದ ಪಾಠಾನೂ ಹೇಳ್ತೀನಿ ಕೇಳ್ರಿ. ಬೀದರ ಇರೂದು ಕೆಂಪು ಜಂಬಿಟ್ಟಿಗಿ ಕಲ್ಲಿನ ಗುಡ್ಡದ ಮ್ಯಾಲ. ಆ ಕಲ್ಲು ಆಂಬೋಳಿಯಂಗ ಮೈತುಂಬ ತೂತು. ಮಳಿ ನೀರೆಲ್ಲಾ ಅದರೊಳಗ ಇಳೀತೈತಿ. ಅದರ ಬುಡಕ್ಕ ಎರಿ ಮಣ್ಣಿನಂಥಾ ಜಿಗಟು ಪದರ, ಅದರ ಕೆಳಗ ಕರೇ ಕಲ್ಲು. ನೀರು ಅಲ್ಲಿ ತಡದು, ಗುಡ್ಡದ ಅಂಚಿನಾಗ ಎಲ್ಲಿ ಸಂದು ಸಿಕ್ತೈತಿ ಅಲ್ಲಿ ಹೊರಗ ಬರ್ತೈತಿ. ಝೀರಾ ಇರೂದು ಮೂರೂ ಕಡೆ ಗುಡ್ಡ ಇದ್ದ ತಗ್ಗಿನಾಗ. ಅದ ಗುಡ್ಡದಾಗ ನರಸಿಂಹ ಝರಣಿ ಅಂತ ಗವಿ ಐತಿ. ಎದಿಮಟ ನೀರಾಗ ನಡಕೊಂತ ಹೋಗಿ ದೇವರನ್ನ ನೋಡಬೇಕು. ಪಾಪನಾಶ ಅಂತ ಶಿವನ ಗುಡಿ ಹತ್ರಾನೂ ಬುಗ್ಗಿ ಐತಿ. ಬಹಮನಿ ಸುಲ್ತಾನರ ಕಾಲಕ್ಕ ಇರಾನದ ತಂತ್ರ ತಿಳಿದಾವ್ರನ್ನ ಕರಸಿ ನೆಲದೊಳಗ ಸುರಂಗ ಕೊರೆಸಿ ಅದ ನೀರು ಊರಿಗಿ ಹರಿಸ್ಯಾರ. ನೌಬಾದದಾಗ ಅದರ ಬಾಯಿ ಇನ್ನೂ ಕಾಣಸ್ತಾವ, ಸುರಂಗ ಬಾವಿ ಅಂತಾರ. ಹಿಂದೂ, ಮುಸಲ್ಮಾನ, ಸಿಖ್, ಮೂರೂ ಮಂದಿ ಒಂದ ಗುಡ್ಡದ ನೀರು ಕುಡದಾರ."

"ನಾನಕರ ಪಾದ ತಾಗಿದ್ದಕ್ಕ ಬಂತೋ, ಗುಡ್ಡದಾಗ ಇತ್ತಂತ ಬಂತೋ?" ವೈನಿ ಕೇಳಿದರು.

"ಕಲ್ಲು ಸರಿಸಾಂವ ಒಬ್ಬ ಬೇಕಲ್ರಿ ವೈನಿ. ನೀರು ಅಲ್ಲೇ ಇತ್ತು, ಊರಾವ್ರೂ ಅಲ್ಲೇ ಇದ್ರು. ನಮ್ಮ ಕಷ್ಟ ಕೇಳಿ ಬಗ್ಗಿದಾಂವ ದೊಡ್ಡಾವ."

ಝೀರಾದ ಈಗಿನ ಗುರುದ್ವಾರ ಕಟ್ಟಿದ್ದು 1948ರಲ್ಲಿ. ಬುಗ್ಗೆಯ ನೀರು ಬಿಳಿಯ ಕಲ್ಲಿನ ಕಾಲುವೆಯಲ್ಲಿ ಹರಿದು ಎದುರಿನ ಅಮೃತಕುಂಡಕ್ಕೆ ಸೇರುತ್ತದೆ. ಯಾತ್ರಿಕರು ಅಲ್ಲಿ ಮೀಯುತ್ತಾರೆ, ಬಾಟಲಿಯಲ್ಲಿ ಊರಿಗೆ ತುಂಬಿಕೊಂಡು ಹೋಗುತ್ತಾರೆ. ಆವರಣದಲ್ಲಿ ಗುರು ತೇಗ್ ಬಹಾದೂರರ ನೆನಪಿನ ಸಂಗ್ರಹಾಲಯವಿದೆ, ಸಿಖ್ಖರ ಇತಿಹಾಸವನ್ನು ಚಿತ್ರಗಳಲ್ಲಿ ತೋರಿಸಿದ್ದಾರೆ. ಇಳಿದುಕೊಳ್ಳಲು ಕೋಣೆಗಳಿವೆ. ಬೀದರಿನ ಗುರು ನಾನಕ ದೇವ ಇಂಜಿನಿಯರಿಂಗ್ ಕಾಲೇಜು 1980ರಿಂದ ನಡೆದುಬಂದದ್ದು. ನಮ್ಮ ಕಡೆಯ ಮಕ್ಕಳಿಗೂ ಅದರ ಬಾಗಿಲು ತೆರೆದಿದೆ. ಈ ಊರು ಸುಖವನ್ನಷ್ಟೇ ಕಂಡದ್ದಲ್ಲ. 1988ರ ಸೆಪ್ಟೆಂಬರಿನಲ್ಲಿ ಇಲ್ಲಿ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು ಜೀವಗಳು ಹೋದವು. ಕನ್ನಡ ನಾಡಿನಲ್ಲಿ ಹಾಗಾದದ್ದು ನಮಗೆಲ್ಲರಿಗೂ ತಲೆ ತಗ್ಗಿಸುವ ಮಾತು. ಅದೇ ಊರಿನ ಗುರುದ್ವಾರ ಇಂದಿಗೂ ಬಂದವರಿಗೆಲ್ಲ ಹಗಲು ರಾತ್ರಿ ಉಣಬಡಿಸುತ್ತಿದೆ.

"ಊಟಕ್ಕ ದುಡ್ಡು?"

"ಒಂದು ಪೈಸೆ ಇಲ್ಲ. ಲಂಗರ ಅಂತಾರ. ನಮ್ಮ ಮಠದಾಗ ದಾಸೋಹ ಇರ್ತದಲ್ರಿ, ಹಂಗ. ನೆಲದ ಮ್ಯಾಲ ಸಾಲಾಗಿ ಕುಂದರೂದು. ಸಾಹುಕಾರಗ ಬ್ಯಾರೆ ಸಾಲಿಲ್ಲ. ಮೂರನೇ ಗುರು ಅಮರದಾಸರು, ಮೊದಲ ಪಂಕ್ತಿಯೊಳಗ ಕುಂತು ಉಂಡ ಬರ್ರಿ, ಆಮ್ಯಾಲ ನನ್ನ ನೋಡ್ರಿ ಅಂತ ನಿಯಮಾ ಮಾಡಿದ್ರು. ಅಕ್ಬರ ಬಾದಶಹಾನೂ ಹಂಗ ಕುಂತು ಉಂಡಾನ ಅಂತ ಹೇಳ್ತಾರ. ರೊಟ್ಟಿ ನೀಡಿದ್ರ ಎರಡೂ ಕೈ ಬೊಗಸಿ ಮಾಡಿ ಇಸ್ಕೋಬೇಕು. ತಾಟಿನಾಗ ಬಿಡಬಾರದು, ಮತ್ತ ಬೇಕಂದ್ರ ಮತ್ತ ನೀಡ್ತಾರ. ಪ್ರಸಾದ ಅಂದ್ರ ಕಡಾ ಪ್ರಸಾದ. ಗೋದಿಹಿಟ್ಟು, ತುಪ್ಪ, ಸಕ್ಕರಿ ಮೂರೂ ಸಮ ಸಮ ಹಾಕಿ ಮಾಡೂದು."

ಗುರುದ್ವಾರದ ಬಗ್ಗೆ ಕೇಳಿದವರೆಲ್ಲ ಲಂಗರಿನ ಹೆಸರು ಕೇಳಿರುತ್ತಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಅದನ್ನು ವೈನಿಗೇ ಹೇಳಬೇಕೆಂದು ಎಷ್ಟೋ ದಿನದಿಂದ ಇಟ್ಟುಕೊಂಡಿದ್ದೆ.

"ವೈನಿ, ಗುರುದ್ವಾರದ ಬಾಗಲದಾಗ ಜೋಡಾಘರ ಅಂತ ಇರ್ತೈತಿ. ಚಪ್ಪಲಿ ಇಡೂ ಮನಿ. ನಾವು ಗುಡಿ ಹೊರಗ ಚಪ್ಪಲಿ ಹ್ಯಾಂಗ ಬಿಡ್ತೀವಿ? ಕಾಲಲೆ ಅತ್ತಾಗ ಒಗದು ಹೋಗ್ತೀವಿ. ಅಲ್ಲಿ ಹಂಗಲ್ಲ. ಕಟ್ಟಿ ಆಚೆ ನಿಂತಾವ್ರು ಎರಡೂ ಕೈ ಚಾಚಿ ಇಸ್ಕೊಂತಾರ, ಚೀಟಿ ಕೊಡ್ತಾರ. ಧೂಳು ಒರಸ್ತಾರ. ಕೆಲವರು ಪಾಲಿಶ್ ಮಾಡಿ ಇಡ್ತಾರ. ಆ ಸೇವಾ ಸಿಗಲಿ ಅಂತ ದೊಡ್ಡ ದೊಡ್ಡ ಮಂದಿ ಬಂದು ಕುಂದರ್ತಾರ. ನಾಂದೇಡದಾಗ ನಾ ನೋಡಿದೆ. ಬೆಳ್ಳನ ಗಡ್ಡದ ಅಜ್ಜಾ ಒಬ್ಬರು, ಇಸ್ತ್ರಿ ಮಾಡಿದ ಅರಿವಿ, ಕೈಯಾಗ ಚಲೋ ಗಡಿಯಾರ. ನನ್ನ ಚಪ್ಪಲಿ ಇಸ್ಕೊಂಡು, ಅಡಿ ಮ್ಯಾಲಿನ ಧೂಳು ಬಟ್ಟಿಲೆ ಒರಸಿ, ಆ ಬೆರಳು ಹಣಿಗೆ ಹಚಗೊಂಡ್ರು. ನಡದು ಬಂದ ಭಕ್ತರ ಪಾದದ ಧೂಳು ದೊಡ್ಡದು ಅಂತ ಅವರ ನಂಬಿಕಿ. ನನ್ನ ಕಾಲಾಗ ಇದ್ದದ್ದು ನಿಮ್ಮ ಹೆಣಿಕಿ ಚಪ್ಪಲಿ ವೈನಿ."

ವೈನಿ ಏನೂ ಮಾತಾಡಲಿಲ್ಲ. ಮುಂದಿದ್ದ ಪಟ್ಟಿಯನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: "ಆ ಸೇವಾ ನಮಗೂ ಮಾಡಾಕ ಕೊಡ್ತಾರೇನ್ರಿ?"

"ಕೇಳಿದ್ರ ಯಾರಿಗೂ ಇಲ್ಲ ಅನ್ನೂದಿಲ್ಲ."

"ಹುಟ್ಟಿದಾಗಿಂದ ಚಪ್ಪಲಿ ಮುಟ್ಟಿದ ಕೈ ಅಕ್ಕೋರ ಇವು. ಹೊಟ್ಟಿ ಸಲುವಾಗಿ ಮುಟ್ಟೀವಿ. ದೇವರ ಸಲುವಾಗಿ ಮುಟ್ಟಿಲ್ಲ."

ನನಗೆ ಹೇಳಬೇಕಾದದ್ದೆಲ್ಲ ಅವರೇ ಹೇಳಿದರು. ಪುಣ್ಯಕ್ಷೇತ್ರ ನೋಡುವುದೆಂದರೆ ಗೋಪುರ, ಚಿನ್ನದ ಕಳಸ, ಸಾಲು, ಪ್ರಸಾದ ಎಂದು ನಾವು ಅಂದುಕೊಂಡಿದ್ದೇವೆ. ಸಿಖ್ಖರ ಊರಿನಲ್ಲಿ ನೋಡಲೇಬೇಕಾದ ಸ್ಥಳಗಳು ಮೂರು: ಚಪ್ಪಲಿ ಕಾಯುವ ಮನೆ, ರೊಟ್ಟಿ ಬೇಯುವ ಒಲೆ, ತಾಟು ತೊಳೆಯುವ ತೊಟ್ಟಿ. ಲೋಕ ಯಾವ ಕೆಲಸವನ್ನು ಕೀಳೆಂದು ಒಂದೊಂದು ಮನೆತನದ ತಲೆಗೆ ಕಟ್ಟಿತೋ ಅದನ್ನೇ ಅಲ್ಲಿ ಬೇಡಿ ಮಾಡುತ್ತಾರೆ. ಕಾಯಕದ ನಾಡು ಎನ್ನುವ ನಾವು ಹೋಗಿ ಕಣ್ಣಾರೆ ಕಂಡು, ಕೈಯಾರೆ ಮಾಡಿ ಬರಬೇಕಾದ ಪಾಠ ಅದು.

"ಅಲ್ಲಿ ಹೆಣ್ಮಕ್ಕಳಿಗಿ ಹ್ಯಾಂಗ್ರಿ?"

"ಬೀದರದಿಂದ ಹತ್ತು ಹನ್ನೊಂದು ಕಿಲೋಮೀಟರ ಮ್ಯಾಲ ಜನವಾಡಾ ಅಂತ ಹಳ್ಳಿ. ಅಲ್ಲಿಗೆ ಹೋಗ್ರಿ. ಮಾಯಿ ಭಾಗೋ ಅಂತ ಒಬ್ಬ ಹೆಣ್ಮಗಳು, ಅಮೃತಸರದ ಕಡೆಯಾಕಿ. ಗುರು ಗೋವಿಂದ ಸಿಂಗರನ್ನ ಬಿಟ್ಟು ಬಂದ ನಲವತ್ತು ಮಂದಿಗೆ ಛೀಮಾರಿ ಹಾಕಿ, ತಾನ ಮುಂದ ನಿಂತು ಯುದ್ಧಕ್ಕ ಕರ್ಕೊಂಡು ಹೋದ್ಳು. 1705ರಾಗ ಖಿದರಾಣಾದ ಕೆರಿ ದಂಡಿಮ್ಯಾಲ ಕಾಳಗ. ಆ ಊರಿಗಿ ಈಗ ಮುಕ್ತಸರ ಅಂತಾರ. ಆ ನಲವತ್ತು ಮಂದಿ ಅಲ್ಲೇ ಬಿದ್ರು, ಆಕಿ ಗಾಯಾ ಆಗಿ ಉಳಕೊಂಡ್ಳು. ಮುಂದ ಗಂಡಸರ ಉಡುಪು ಹಾಕ್ಕೊಂಡು ಗುರುವಿನ ಕಾವಲಿಗಿ ನಿಂತು ನಾಂದೇಡತನಾ ಬಂದ್ಳು. ಗುರು ಹೋದ ಮ್ಯಾಲ ಜನವಾಡಾಕ್ಕ ಬಂದು, ತಪಾ ಮಾಡ್ಕೊಂತ, ಮಂದಿಗಿ ಉಪದೇಶ ಹೇಳ್ಕೊಂತ ಮುಪ್ಪಾಗಿ ಅಲ್ಲೇ ದೇಹ ಬಿಟ್ಳು. ಕಿತ್ತೂರ ಚೆನ್ನಮ್ಮನ ಮಂದಿ ನಾವು. ನಮ್ಮ ರಾಜ್ಯದ ಮಣ್ಣಾಗ ಮಲಗಿದ ಈ ತಾಯಿ ಹೆಸರು ನಮ್ಮ ಹೆಣ್ಣುಹುಡುಗೂರಿಗಿ ಗೊತ್ತಿಲ್ಲ."

"ಆ ಊರು ನಮ್ಮ ಮಮ್ಮಗಳಿಗಿ ತೋರಸಬೇಕ್ರಿ."

"ತೋರಸ್ರಿ. ಬೀದರದಾಗ ಮತ್ತೊಂದು ದಿನಾ ಇರ್ರಿ. 1472ರಾಗ ಮಹಮೂದ ಗವಾನ ಕಟ್ಟಿಸಿದ ಮದರಸಾ ಐತಿ. ಬಣ್ಣದ ಹಂಚು ಇನ್ನೂ ಗ್ವಾಡಿ ಮ್ಯಾಲ ಉಳದಾವ. ಕೋಟಿ ಐತಿ. ಅಷ್ಟೂರದಾಗ ಅಹಮದ ಶಾ ವಲಿ ಸುಲ್ತಾನನ ಗೋರಿ ಐತಿ. ಅಲ್ಲಿ ಮುಸಲ್ಮಾನರು ಉರುಸು ಅಂತಾರ, ಲಿಂಗಾಯತರು ಅಲ್ಲಮಪ್ರಭು ಅಂತ ನಡಕೊಂತಾರ. ಜಂಗಮರು ಬಂದು ಜಾತ್ರಿ ನಡಸ್ತಾರ."

ಬೀದರಿನಿಂದ ನಾಂದೇಡಕ್ಕೆ ಔರಾದ, ದೇಗಲೂರ ಮೇಲೆ ದಾರಿ. ದೇಗಲೂರ ಕಡೆ ಇಂದಿಗೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ. 1956ರ ತನಕ ಬೀದರ, ನಾಂದೇಡ ಎರಡೂ ಹೈದರಾಬಾದ ರಾಜ್ಯದ ಜಿಲ್ಲೆಗಳು. ಗಡಿ ಆಮೇಲೆ ಬಂತು. ನಾಂದೇಡದ ಹಜೂರ ಸಾಹಿಬ ಸಿಖ್ಖರ ಐದು ತಖ್ತಗಳಲ್ಲಿ, ಅಂದರೆ ಪೀಠಗಳಲ್ಲಿ, ಒಂದು. ಉಳಿದವು ಅಮೃತಸರ, ಆನಂದಪುರ, ಪಾಟ್ನಾ, ತಲವಂಡಿ ಸಾಬೋ. ಮೊಗಲ ಬಾದಶಹಾ ಬಹಾದೂರ ಶಹಾ ದಕ್ಷಿಣಕ್ಕೆ ಬಂದಾಗ ಗುರು ಗೋವಿಂದ ಸಿಂಗರೂ ಬಂದಿದ್ದರು. ಗೋದಾವರಿಯ ದಂಡೆಯಲ್ಲಿ ಬಿಡಾರ ಹೂಡಿದರು. ಅಲ್ಲೇ ಮಾಧೋದಾಸನೆಂಬ ಬೈರಾಗಿ ಅವರ ಶಿಷ್ಯನಾಗಿ ಬಂದಾ ಸಿಂಗ್ ಬಹಾದೂರನಾದ. ಪಂಜಾಬಕ್ಕೆ ಹೋಗಿ ಜಮೀನುದಾರರ ಕೈಯಿಂದ ಭೂಮಿ ಬಿಡಿಸಿ ಉಳುವವರಿಗೆ ಕೊಟ್ಟ. ನಾಂದೇಡದಲ್ಲೇ ಒಬ್ಬ ಪಠಾಣ ಗುರುವಿಗೆ ಇರಿದ. ಆ ಗಾಯ ಮಾಯದೆ 1708ರ ಅಕ್ಟೋಬರ 7ರಂದು ಅವರು ದೇಹ ಬಿಟ್ಟರು. ಆ ಜಾಗದಲ್ಲಿ ಈಗಿರುವ ಮಂದಿರವನ್ನು 1832ರಿಂದ 1837ರ ನಡುವೆ ಕಟ್ಟಿಸಿದವರು ಪಂಜಾಬದ ಮಹಾರಾಜ ರಣಜೀತ ಸಿಂಗ್. ಒಳಗೆ ಗುರುಗಳ ಆಯುಧಗಳನ್ನು ಇಟ್ಟಿದ್ದಾರೆ. ದಿನವೂ ಗೋದಾವರಿಯಿಂದ ಕೊಡದಲ್ಲಿ ನೀರು ಹೊತ್ತು ತರುವ ಸೇವೆ ನಡೆಯುತ್ತದೆ. ಊರ ಸುತ್ತ ಬಂದಾ ಘಾಟ, ನಗೀನಾ ಘಾಟ, ಹೀರಾ ಘಾಟ, ಸಂಗತ ಸಾಹಿಬ ಎಂದು ಒಂದೊಂದು ನೆನಪಿಗೆ ಒಂದೊಂದು ಗುರುದ್ವಾರವಿದೆ. 2008ರಲ್ಲಿ ಗ್ರಂಥಕ್ಕೆ ಗುರುಪಟ್ಟ ಬಂದು ಮುನ್ನೂರು ವರ್ಷ ತುಂಬಿದಾಗ ಜಗತ್ತಿನ ಸಿಖ್ಖರೆಲ್ಲ ನಮ್ಮ ಪಕ್ಕದ ಈ ಊರಿಗೆ ಬಂದು ಹೋದರು.

"ಇಷ್ಟು ಹೇಳಿದ್ರಿ, ನಮ್ಮ ಕಡೆಯಿಂದ ತಪ್ಪು ಆಗದಂಗ ಏನೇನು ಸಂಭಾಳಸಬೇಕು ಅದನ್ನೂ ಹೇಳ್ರಿ," ಎಂದರು ವೈನಿ.

"ತಲಿ ಮ್ಯಾಲ ಸೆರಗು ಇರಬೇಕು. ಗಂಡಸರು ವಸ್ತ್ರಾ ಕಟಗೋಬೇಕು. ಇಲ್ಲಂದ್ರ ಬಾಗಲದಾಗ ಕೊಡ್ತಾರ. ಕಾಲು ತೊಳದು ಒಳಗ ಹೋಗೂದು. ಗ್ರಂಥದ ಕಡೆ ಕಾಲು ಚಾಚಿ ಕುಂದರಬಾರದು. ಮತ್ತೊಂದು ಮಾತು ಐತಿ. ತಂಬಾಕು ನಡ್ಯೂದಿಲ್ಲ. ಸಿಖ್ಖರಿಗಿ ತಂಬಾಕು ಅಂದ್ರ ಕಟ್ಟಾ ವರ್ಜ್ಯ. ಬೀಡಿ, ಗುಟಕಾ, ಮಿಶ್ರಿ ಏನೂ ಆವರಣದೊಳಗ ತರಬಾರದು."

ಇದನ್ನು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ನಿಪ್ಪಾಣಿಯ ತಂಬಾಕು ನಮ್ಮ ಸೀಮೆಗೆ ಅನ್ನ ಕೊಟ್ಟ ಬೆಳೆ. 1981ರಲ್ಲಿ ಅದರ ಬೆಲೆಗಾಗಿ ರಸ್ತೆಯಲ್ಲಿ ಕೂತ ರೈತರು ಗುಂಡಿಗೆ ಎದೆ ಕೊಟ್ಟಿದ್ದಾರೆ, ಬೀಡಿ ಕಟ್ಟಿ ಎಷ್ಟೋ ತಾಯಂದಿರು ಮಕ್ಕಳನ್ನು ಓದಿಸಿದ್ದಾರೆ. ಅದೇ ತಂಬಾಕು ಸುಟ್ಟು ಪುಡಿ ಮಾಡಿದ ಮಿಶ್ರಿ ನಮ್ಮ ಹೆಣ್ಣುಮಕ್ಕಳ ಸೊಂಟದ ಚೀಲದಿಂದ ಇಳಿದಿಲ್ಲ. ಅದು ಬಾಯಿ ಸುಡುವುದನ್ನು, ಹುಣ್ಣಾಗಿ ಜೀವ ತೆಗೆಯುವುದನ್ನು ನಾವು ನೋಡಿದ್ದೇವೆ. ಯಾತ್ರೆಯ ನೆವದಿಂದಾದರೂ ನಾಲ್ಕು ದಿನ ಅದನ್ನು ಬಿಟ್ಟಿದ್ದರೆ, ಆ ನಾಲ್ಕು ದಿನ ಮುಂದುವರಿಯಲೂಬಹುದು.

"ಬಿಡ್ತೀನ್ರಿ," ಎಂದರು ವೈನಿ ಗಟ್ಟಿಯಾಗಿ. "ಅಮೃತಸರದ ಬಂಗಾರದ ಗುಡಿ ನೋಡೂದು?"

"ಕೈಯಾಗ ರೊಕ್ಕ, ದಿನಾ ಎರಡೂ ಇದ್ರ ನಾಂದೇಡದಿಂದ ಅಮೃತಸರಕ್ಕ ಸಚಖಂಡ ಎಕ್ಸಪ್ರೆಸ್ ಐತಿ. ದಾರಿಯಾಗ ಸ್ಟೇಶನ್ನಿನಾಗ ಭಕ್ತರು ಬಂದು ರೈಲಿನಾಗ ಕುಂತಾವ್ರಿಗೆಲ್ಲಾ ಪುಕ್ಕಟ ಊಟ ಕೊಡ್ತಾರ, ಸಿಖ್ಖರಿಗಷ್ಟ ಅಲ್ಲ. ಹರಮಂದಿರಕ್ಕ ನಾಲ್ಕೂ ದಿಕ್ಕಿಗೆ ಬಾಗಲ. ಮಂದಿರಾ ಎತ್ತರಕ್ಕ ಕಟ್ಟಿಲ್ಲ, ಮೆಟ್ಟಲಾ ಇಳಿದು ಕೆಳಗ ಹೋಗಬೇಕು. ಮಗ್ಗಲದಾಗ ಜಲಿಯನ್‌ವಾಲಾ ಬಾಗ. 1919ರ ಏಪ್ರಿಲ್ 13ರ ಗುಂಡಿನ ಗುರುತು ಗ್ವಾಡಿ ಮ್ಯಾಲ ಅದಾವ. ಗುರುದಾಸಪುರ ಜಿಲ್ಲಾದಾಗ ಘುಮಾನ ಅಂತ ಊರು. ನಮ್ಮ ನಾಮದೇವ ಬಾಳಿದ ಊರು ಅಂತ ಅವನ ಗುಡಿ ಕಟ್ಟಿ ಪೂಜಿ ಮಾಡ್ತಾರ. ಪಂಢರಪುರದ ದಾರಿ ಅಲ್ಲಿಗೂ ಹೋಗೈತಿ. ಆದ್ರ ಮೊದಲ ಬೀದರ ವೈನಿ. ಅದು ನಮ್ಮದು."

ನನ್ನ ಮನಸ್ಸಿನಲ್ಲಿ ಇನ್ನೊಂದು ಆಸೆಯಿದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಶಾಲೆಗಳ ಸಹಲು ಪ್ರತಿ ವರ್ಷ ಅದೇ ಅಣೆಕಟ್ಟು, ಅದೇ ಉದ್ಯಾನಕ್ಕೆ ಹೋಗುತ್ತದೆ. ಒಂದು ವರ್ಷ ಕಲ್ಯಾಣ, ಬೀದರ, ಜನವಾಡಾಕ್ಕೆ ಹೋಗಲಿ. ಮಕ್ಕಳು ಹರಳಯ್ಯನ ಗವಿಯಲ್ಲಿ ಕೂರಲಿ, ಝೀರಾದ ನೀರು ಕುಡಿಯಲಿ, ಲಂಗರಿನಲ್ಲಿ ಯಾರ ಪಕ್ಕದಲ್ಲಿ ಯಾರು ಕೂತರೆಂದು ನೋಡದೆ ಉಣ್ಣಲಿ, ಉಂಡ ತಾಟು ತಾವೇ ತೊಳೆಯಲಿ. ಜೋಡಾಘರದಲ್ಲಿ ಅರ್ಧ ತಾಸು ನಿಲ್ಲಲಿ. ತರಗತಿಯಲ್ಲಿ ಸಮಾನತೆಯ ಪಾಠವನ್ನು ಎಷ್ಟೋ ವರ್ಷ ಬಾಯಲ್ಲಿ ಹೇಳಿದವಳು ನಾನು. ಅಲ್ಲಿ ಅದನ್ನು ಕೈಯಿಂದ ಕಲಿಸುತ್ತಾರೆ.

ವೈನಿ ಎದ್ದು ತಟ್ಟು ಕೊಡವಿದರು. ಒಳಗಿದ್ದ ಮಗನನ್ನು ಕೂಗಿ ಕರೆದು, ನನ್ನ ಕಡೆ ತಿರುಗಿ ಲೆಕ್ಕ ಹಾಕಿದರು: "ಮೊದಲ ಹರಳಯ್ಯನ ಗವಿ, ಆಮ್ಯಾಲ ಝೀರಾ, ಜನವಾಡಾ, ಕಡೀಕ ನಾಂದೇಡ. ಗಾಡಿಯಾಂವಗ ಈಗ ಫೋನ್ ಹಚ್ಚಸ್ತೀನಿ. ಮತ್ತ ಅಕ್ಕೋರ, ನೀವೂ ಬರ್ರಿ. ಆ ಅಜ್ಜಾನ ಜೋಡಿ ಹಿಂದಿ ಮಾತಾಡಾಕ ನನಗೊಬ್ಬರು ಬೇಕು. ಜೋಡಾಘರದಾಗ ಬಂದ ಚಪ್ಪಲಿಯೊಳಗ ಉಂಗುಟ ಹರದದ್ದು ಎಷ್ಟೋ ಇರ್ತಾವ. ಒರಸಿ ಅಷ್ಟ ಯಾಕ ಇಡೂದು, ಆರಿ, ದಾರ ತಗೊಂಡ ಬರ್ತೀನಿ, ಹೊಲದ ಇಡ್ತೀನಿ ಅಂತ ಕೇಳಿ ನೋಡ್ರಿ."

"ಕೇಳ್ತೀನ್ರಿ ವೈನಿ," ಎಂದೆ. "ಗಾಡಿಯೊಳಗ ನನಗೂ ಒಂದು ಜಾಗಾ ಹಿಡೀರಿ."